ವಲೇರಿಯನ್ನನ ಬಿಳಿ ಕೋಟು

ವಲೇರಿಯನ್ ಸತ್ತು ವರ್ಷ ಕಳೆದ ಮೇಲೆ, ೧೯೭೯ರ ಏಪ್ರಿಲಿನಲ್ಲಿ ಬಿಸು ಹಬ್ಬ ಮುಗಿದ ವಾರದಲ್ಲಿ, ಮೋಹಿನಿ ಅವನ ಜಾಗಕ್ಕೆ ಕೆಲಸಕ್ಕೆ ಸೇರಿದಳು. ಅದು ಸತ್ತವನ ಜಾಗ ಎಂದು ಸೇರುವಾಗ ಅವಳಿಗೆ ಯಾರೂ ಹೇಳಿರಲಿಲ್ಲ.

ಮಣಿಪಾಲದಿಂದ ಅಲೆವೂರಿನ ಕಡೆಗೆ ಇಳಿಯುವ ರಸ್ತೆಯ ಬದಿಯಲ್ಲಿ ಧರ್ಮಪಾಲರ ಪ್ರಯೋಗಾಲಯವಿತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೊಂದು ವರಾಂಡ. ಧರ್ಮಪಾಲರು ಕಾರ್ಕಳದ ಜೈನರು. ಮುಂಬಯಿಯಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲಿಯೇ ಕೆಲವು ಕಾಲ ಕೆಲಸ ಮಾಡಿ, ಊರ ಕಡೆಗೆ ಬಂದವರು. ಹೊರದೇಶದಿಂದ ರಾಸಾಯನಿಕ ತರಿಸಬೇಕಾದರೆ ಪರವಾನಗಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಕಾಲೇಜುಗಳಿಗೂ ಸಂಶೋಧನಾಲಯಗಳಿಗೂ ಬೇಕಾಗುವ ಕೆಲವು ಅಪರೂಪದ ವಸ್ತುಗಳನ್ನು ಇಲ್ಲಿಯೇ ಶುದ್ಧವಾಗಿ ತಯಾರಿಸಿ ಕೊಡುವುದು ಅವರ ಉದ್ಯೋಗ. ಅವುಗಳಲ್ಲಿ ಒಂದು ಬ್ರೂಸಿನ್.

ಮೊದಲ ದಿನ ಅವರು ಮೋಹಿನಿಯನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಬೀಗಕ್ಕೆ ತುಕ್ಕು ಹಿಡಿದಿತ್ತು. ಒಳಗೆ ಉದ್ದನೆಯ ಮರದ ಮೇಜು, ಒಂದು ಸ್ಟೂಲು, ಗೋಡೆಯಲ್ಲಿ ಕಪಾಟು, ಮೇಲೆ ಒಂದು ಹಳೆಯ ಫ್ಯಾನು. ಕಪಾಟಿನಲ್ಲಿ ಕಂದು ಬಣ್ಣದ ಬಾಟಲಿಗಳಿದ್ದವು. ಅವುಗಳ ಮೇಲೆ ಯಾರೋ ನೀಟಾದ ಅಕ್ಷರಗಳಲ್ಲಿ ‘ಬ್ರೂಸಿನ್ – ವಿಷ’ ಎಂದು ಬರೆದು ಅಂಟಿಸಿದ್ದರು. ನೆಲದ ಮೂಲೆಯ ಗೋಣಿಯಲ್ಲಿ ಕಾಸರಕದ ಬೀಜಗಳಿದ್ದವು. ರೇಷ್ಮೆಯಂಥ ರೋಮವಿರುವ, ಕೋಟಿನ ಗುಂಡಿಯಂತೆ ಚಪ್ಪಟೆಯಾದ ಬೂದು ಬೀಜಗಳು. ಕಾಪುವಿನಲ್ಲಿ ಹುಟ್ಟಿ ಬೆಳೆದ ಮೋಹಿನಿಗೆ ಆ ಮರ ಗೊತ್ತಿತ್ತು. ಅದರ ಹಣ್ಣನ್ನು ಮುಟ್ಟಿದರೆ ಕೈ ತೊಳೆಯದೆ ಅವಳ ತಾಯಿ ಅಪ್ಪಿ ಮನೆಯೊಳಗೆ ಬಿಡುತ್ತಿರಲಿಲ್ಲ.

ಬ್ರೂಸಿನ್ ಯಾಕೆ ಬೇಕು ಎನ್ನುವುದೂ ಅವಳಿಗೆ ಗೊತ್ತಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ ಓದಿದ್ದಳು. ಕೆಲವು ವಸ್ತುಗಳು ಎಡಗೈ ಬಲಗೈಗಳ ಹಾಗೆ ಜೋಡಿಯಾಗಿ ಹುಟ್ಟುತ್ತವೆ. ಎರಡೂ ಒಂದೇ ತೂಕ, ಒಂದೇ ಬಣ್ಣ. ಆದರೆ ಒಂದರ ಮೇಲೊಂದನ್ನು ಇಟ್ಟರೆ ಹೊಂದುವುದಿಲ್ಲ. ಔಷಧಕ್ಕೆ ಹಲವು ಸಲ ಅವುಗಳಲ್ಲಿ ಒಂದು ಮಾತ್ರ ಬೇಕು. ಬೆರೆತಿರುವ ಈ ಎರಡು ಕೈಗಳನ್ನು ಬೇರೆ ಮಾಡಲು, ತಾನೇ ಒಂದು ಕೈಯದಾಗಿರುವ ಮೂರನೆಯ ವಸ್ತು ಬೇಕಾಗುತ್ತದೆ. ಬ್ರೂಸಿನ್ ಅಂಥದ್ದು. ಅದು ಅಂಥ ಜೋಡಿ ಆಮ್ಲದ ಒಂದು ರೂಪವನ್ನು ಹಿಡಿದುಕೊಂಡು ಹರಳಾಗಿ ತಳಕ್ಕೆ ಕೂರುತ್ತದೆ. ಇನ್ನೊಂದನ್ನು ದ್ರಾವಣದಲ್ಲಿಯೇ ಬಿಟ್ಟುಬಿಡುತ್ತದೆ.

ಬೆಂಗಳೂರಿನ ಒಂದು ಸಂಶೋಧನಾಲಯದವರು ಅದನ್ನು ಕೇಳಿದ್ದರು. ಬೀಜವನ್ನು ಪುಡಿ ಮಾಡಿ ಸಾರ ತೆಗೆದು, ಅದರಲ್ಲಿ ಜೊತೆಗೇ ಇರುವ ಸ್ಟ್ರಿಕ್ನಿನ್ ಎಂಬ ಇನ್ನೂ ಘೋರ ವಿಷವನ್ನು ಬೇರ್ಪಡಿಸಿ, ಬ್ರೂಸಿನ್ನನ್ನು ಮತ್ತೆ ಮತ್ತೆ ಹರಳು ಮಾಡಿ ಶುದ್ಧಗೊಳಿಸಬೇಕು. ಧರ್ಮಪಾಲರು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ವಿವರಿಸಿದರು. ಒಳಗೆ ಕಾಲಿಡಲಿಲ್ಲ. ಬಾಯಿಯಿಂದ ಪಿಪೆಟ್ ಎಳೆಯಬಾರದು, ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬಾರದು ಎಂದು ಹೇಳಿ ಹೊರಟುಹೋದರು.

ಮೋಹಿನಿ ಜಾಗ್ರತೆಯವಳು. ಗ್ಲೌಸ್ ಹಾಕಿದಳು, ಮೂಗಿಗೆ ಬಟ್ಟೆ ಕಟ್ಟಿದಳು, ಪುಡಿಯನ್ನು ತೂಗುವಾಗ ಫ್ಯಾನು ನಿಲ್ಲಿಸಿದಳು. ಆದರೂ ಒಂದು ವಾರ ಕಳೆಯುವುದರೊಳಗೆ ಅವಳ ಬಾಯಿ ಕಹಿಯಾಗತೊಡಗಿತು.

ಮೊದಲು ಅದು ಜ್ವರ ಬಂದಾಗಿನ ಕಹಿಯಂತಿತ್ತು. ಆಮೇಲೆ ಏನು ತಿಂದರೂ ಕಹಿ. ಬಂಗುಡೆಯ ಸಾರು ಕಹಿ, ಕುಚ್ಚಲಕ್ಕಿ ಗಂಜಿ ಕಹಿ, ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಕುಡಿದ ನೀರೂ ಕಹಿ. ನಾಲಿಗೆಯನ್ನು ಬೂದಿಯಿಂದ ಉಜ್ಜಿದಳು. ಕಹಿ ಹೋಗಲಿಲ್ಲ. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಸಣ್ಣ ಸದ್ದಿಗೂ ಅವಳ ಮೈ ಬೆಚ್ಚಿ ಬೀಳುತ್ತಿತ್ತು. ಚಮಚ ನೆಲಕ್ಕೆ ಬಿದ್ದರೆ ಕುತ್ತಿಗೆ ಸೆಟೆದುಕೊಳ್ಳುತ್ತಿತ್ತು. ಕೋಣೆಯಲ್ಲಿ ಒಬ್ಬಳೇ ಕೆಲಸ ಮಾಡುವಾಗ ಹಿಂದೆ ಯಾರೋ ನಿಂತ ಹಾಗೆ ಅನಿಸಿ ತಿರುಗುತ್ತಿದ್ದಳು. ತಿರುಗಿದರೆ ಸ್ಟೂಲು, ಕಪಾಟು, ಬಾಟಲಿಗಳ ಮೇಲಿನ ಆ ನೀಟಾದ ಅಕ್ಷರ.

ಮಗಳು ತಟ್ಟೆ ದೂಡಿ ಏಳುವುದನ್ನು ಅಪ್ಪಿ ಕೆಲವು ದಿನ ನೋಡಿದಳು. ಕಾಪುವಿನ ಕಡಲ ಬದಿಯ ಆ ಮನೆಯಲ್ಲಿ ಇದ್ದದ್ದು ತಾಯಿ ಮಗಳು ಇಬ್ಬರೇ. ಒಂದು ಭಾನುವಾರ ಮಧ್ಯಾಹ್ನ, ಗೋಡೆಯ ಆಚೆ ಯಾರೋ ತೆಂಗಿನಕಾಯಿ ಕೆಡವಿದ ಸದ್ದಿಗೆ ಮೋಹಿನಿಯ ಕೈಯಿಂದ ತಂಬಿಗೆ ಹಾರಿ ಬಿದ್ದಾಗ, ಅಪ್ಪಿ ಬೈಯಲಿಲ್ಲ. ಹತ್ತಿರ ಬಂದು ಕೂತಳು.

“ನೀನು ಅಲ್ಲಿ ಕೂರುವ ಜಾಗದಲ್ಲಿ ಮೊದಲು ಯಾರು ಕೂರುತ್ತಿದ್ದರು?” ಎಂದು ಕೇಳಿದಳು.

ಮೋಹಿನಿ ಅದನ್ನು ಯಾರಲ್ಲಿಯೂ ಕೇಳಿರಲಿಲ್ಲ.

ಮರುದಿನ ಅವಳು ಬ್ಯಾಪ್ಟಿಸ್ಟನನ್ನು ಕೇಳಿದಳು. ಬ್ಯಾಪ್ಟಿಸ್ಟ್ ಕಚೇರಿಯ ಟೈಪಿಸ್ಟ್, ಕಾರ್ಕಳದವನು. ಅವನು ಟೈಪು ಮಾಡುವುದನ್ನು ನಿಲ್ಲಿಸಿ, ಧರ್ಮಪಾಲರ ಬಾಗಿಲು ಮುಚ್ಚಿದೆಯೇ ಎಂದು ನೋಡಿ, ತಗ್ಗಿದ ಸ್ವರದಲ್ಲಿ ಹೇಳಿದ. ಅಲ್ಲಿ ಇದ್ದವನು ವಲೇರಿಯನ್. ತನ್ನದೇ ಇಗರ್ಜಿಯವನು, ತಂದೆ ಇಲ್ಲದವನು, ತಾಯಿಗೆ ಒಬ್ಬನೇ ಮಗ. ಕಳೆದ ವರ್ಷ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ಅದೇ ಕೋಣೆಯಲ್ಲಿ ಹಗಲು ಹೊತ್ತಿನಲ್ಲಿಯೇ ಬಿದ್ದು ಸತ್ತ. ಹೊಟ್ಟೆಯಲ್ಲಿ ಅದೇ ವಿಷ ಸಿಕ್ಕಿತು. ತಾನಾಗಿಯೇ ತೆಗೆದುಕೊಂಡ ಎಂದು ಎಲ್ಲರೂ ಹೇಳುತ್ತಾರೆ. ಕೊನೆಯ ತಿಂಗಳುಗಳಲ್ಲಿ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಕರೆದರೆ ಬೆಚ್ಚಿಬೀಳುತ್ತಿದ್ದ. ಸಿಮಿತ್ರಿಯಲ್ಲಿ ಹೂಳಲು ಜಾಗ ಕೊಟ್ಟರು. ಆದರೆ ಆತ್ಮಹತ್ಯೆ ಎಂದು ಮೂಲೆಯಲ್ಲಿ, ಪಾಗಾರದ ಗೋಡೆಯ ಬುಡದಲ್ಲಿ. ಹೂಳಲು ಹೋದವರು ಕೆಲವೇ ಜನ.

“ನಾನೂ ಹೋಗಲಿಲ್ಲ” ಎಂದು ಬ್ಯಾಪ್ಟಿಸ್ಟ್ ಹೇಳಿ ಮತ್ತೆ ಟೈಪು ಮಾಡತೊಡಗಿದ. ಒಂದೊಂದು ಕೀಲಿಯ ಸದ್ದಿಗೂ ಮೋಹಿನಿಯ ಭುಜಗಳು ಅದುರಿದವು.

ಅಂದು ಅವಳು ಆ ಕೋಣೆಗೆ ಹೋಗಲಿಲ್ಲ. ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ಮದುವೆಯಾಗದೆ, ಹಸಿದು ಸತ್ತವನು ಕುಲೆಯಾಗುತ್ತಾನೆ, ಆ ಪ್ರೇತ ತನ್ನ ಜಾಗ ಬಿಡುವುದಿಲ್ಲ, ತಾನು ಉಂಡದ್ದನ್ನೇ ಅಲ್ಲಿ ಕೂತವರಿಗೂ ಉಣ್ಣಿಸುತ್ತದೆ ಎಂದು ಅಪ್ಪಿ ಹೇಳಿದಳು. ಸಂಜೆ ಬಾಳೆಯೆಲೆಯ ತುಂಡಿನಲ್ಲಿ ಅನ್ನ ಮೀನು ಬಡಿಸಿ, ನೀರಿಟ್ಟು, ಹಿತ್ತಿಲಿನ ಹೊರಗೆ ಇಟ್ಟುಬಂದಳು. ಕಂಡಿರದ ಕ್ರಿಸ್ತುವರ ಹುಡುಗನಿಗೆ ತುಳುವಿನಲ್ಲಿ, ಉಂಡು ಹೋಗು ಮಗನೇ, ನನ್ನ ಹುಡುಗಿಯನ್ನು ಬಿಡು ಎಂದು ಕೈಮುಗಿದಳು. ಮೋಹಿನಿಗೆ ನಗು ಬರಲಿಲ್ಲ. ಕೊನೆಯ ತಿಂಗಳುಗಳಲ್ಲಿ ವಲೇರಿಯನ್ನನಿಗೆ ಆದದ್ದೆಲ್ಲ ಈಗ ತನಗೆ ಆಗುತ್ತಿದೆ ಎನ್ನುವುದು ಮಾತ್ರ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಅದು ಧೈರ್ಯವೇನೂ ಅಲ್ಲ. ಬೇರೆ ಕೆಲಸ ಸಿಗುವ ಹಾಗಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದಳು. ಮೇ ತಿಂಗಳ ಸೆಖೆ. ಫ್ಯಾನು ಹಾಕಿಕೊಂಡು ಸೋಸುವ ಕೆಲಸ ಮಾಡುತ್ತಿದ್ದಾಗ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು. ಮಾಡಿನಲ್ಲಿ ಬೆಳಕಿಗಾಗಿ ಒಂದು ಗಾಜಿನ ಹಂಚು ಹಾಕಿದ್ದರು. ಅದರಿಂದ ಬಿಸಿಲಿನ ಕೋಲೊಂದು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ, ನಿಂತ ಫ್ಯಾನಿನ ರೆಕ್ಕೆಗಳಿಂದ, ಅತಿ ಸಣ್ಣ ಬಿಳಿಯ ಧೂಳು ಇಳಿಯುತ್ತಿರುವುದನ್ನು ಮೋಹಿನಿ ಕಂಡಳು. ಅದು ಮೇಜಿನ ಮೇಲೆ, ಅವಳ ಕೈಗಳ ಮೇಲೆ ಬೀಳುತ್ತಿತ್ತು. ಮುಖವನ್ನು ಮೇಲಕ್ಕೆತ್ತಿದ್ದರಿಂದ ತುಟಿಯ ಮೇಲೂ ಬಿದ್ದಿರಬೇಕು.

ಅವಳು ಎದ್ದು ಹೊರಗೆ ಹೋಗಿ ಮುಖ, ಬಾಯಿ, ಕೈ ತೊಳೆದುಕೊಂಡು ಬಂದಳು. ಸೋಸುವ ಕಾಗದವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿದಳು. ಸ್ಟೂಲಿನ ಮೇಲೆ ಹತ್ತಿ ಒಂದು ತುಂಡಿನಿಂದ ಫ್ಯಾನಿನ ರೆಕ್ಕೆಯನ್ನು ಒರಸಿ, ಅದನ್ನು ಪಿಂಗಾಣಿಯ ಬಸಿಯಲ್ಲಿಟ್ಟು, ಮೇಲೆ ಒಂದು ಹನಿ ನೈಟ್ರಿಕ್ ಆಮ್ಲ ಬಿಟ್ಟಳು. ಬ್ರೂಸಿನ್ ಇದ್ದರೆ ಆ ಆಮ್ಲಕ್ಕೆ ಕೆಂಪಾಗುತ್ತದೆ. ಕಾಗದ ತಕ್ಷಣ ರಕ್ತದ ಹಾಗೆ ಕೆಂಪಾಯಿತು.

ಮೇಜನ್ನು ಒರಸಿದಳು. ಕೆಂಪು. ಸ್ಟೂಲಿನ ಅಂಚು, ವಲೇರಿಯನ್ ಕೈಯಿಟ್ಟು ಎಳೆದುಕೊಳ್ಳುತ್ತಿದ್ದಿರಬೇಕಾದ ಜಾಗ, ಕೆಂಪು. ಬಾಗಿಲಿನ ಹಿಡಿ ಕೆಂಪು. ಕಿಟಕಿಯ ಚಿಲಕ ಕೆಂಪು. ಕಪಾಟಿನ ಕೆಳಗಿನ ಹಲಗೆಯಲ್ಲಿ ಲೋಟ ಇಟ್ಟು ಇಟ್ಟು ವೃತ್ತಾಕಾರದ ಕಲೆಯಾಗಿತ್ತು. ಅದನ್ನು ಒರಸಿದ ಕಾಗದ ಎಲ್ಲಕ್ಕಿಂತ ಗಾಢವಾಗಿ ಕೆಂಪಾಯಿತು. ಅನುಮಾನ ಉಳಿಯಬಾರದೆಂದು ವರಾಂಡದ ಧೂಳನ್ನೂ ಪರೀಕ್ಷಿಸಿದಳು; ಅದಕ್ಕೆ ಯಾವ ಬಣ್ಣವೂ ಬರಲಿಲ್ಲ. ಕೋಣೆಯೊಳಗೆ ಮಾತ್ರ ವಲೇರಿಯನ್ ಎಲ್ಲೆಲ್ಲಿ ಓಡಾಡಿದ್ದನೋ, ಎಲ್ಲೆಲ್ಲಿ ಕೈಯಿಟ್ಟಿದ್ದನೋ ಅಲ್ಲೆಲ್ಲ ಕೆಂಪು ಎದ್ದು ಬರುತ್ತಿತ್ತು. ವರ್ಷ ಕಳೆದರೂ ಅವನ ಕೈ ಅಲ್ಲಿಯೇ ಇತ್ತು. ಮತ್ತು ಬ್ರೂಸಿನ್ ಇದ್ದಲ್ಲಿ, ಶುದ್ಧ ಮಾಡುವ ಮೊದಲಿನ ಪುಡಿಯಾದರೆ, ಸ್ಟ್ರಿಕ್ನಿನ್ನೂ ಇರುತ್ತದೆ. ಅದು ನೈಟ್ರಿಕ್ ಆಮ್ಲಕ್ಕೂ ತನ್ನನ್ನು ತೋರಿಸಿಕೊಳ್ಳುವುದಿಲ್ಲ.

ಮೋಹಿನಿ ಬಸಿಯನ್ನು ಹಾಗೆಯೇ ಧರ್ಮಪಾಲರ ಮೇಜಿನ ಮೇಲೆ ಇಟ್ಟಳು.

ಅವರು ಆ ಕೆಂಪು ತುಂಡುಗಳನ್ನು ನೋಡಿದರು. ಯಾವುದು ಯಾವ ಜಾಗದ್ದು ಎಂದು ಅವಳು ಒಂದೊಂದಾಗಿ ಹೇಳಿದಳು. ಲೋಟ ಇಡುವ ಹಲಗೆಯ ತುಂಡಿಗೆ ಬಂದಾಗ ಅವರು ಕನ್ನಡಕ ತೆಗೆದರು.

ಆಮೇಲೆ ಅವರು ತಾವಾಗಿಯೇ ಹೇಳತೊಡಗಿದರು. ಬೀಜದ ಸಾರದಿಂದ ಬಂದ ಹಸಿ ಹರಳುಗಳನ್ನು ವಲೇರಿಯನ್ ತಟ್ಟೆಯಲ್ಲಿ ಹರಡಿ, ಬೇಗ ಒಣಗಲೆಂದು ಫ್ಯಾನಿನ ಕೆಳಗೆ ಇಡುತ್ತಿದ್ದ. ಒಣಗಿದ್ದನ್ನು ಅಲ್ಲೇ ಅರೆಯುತ್ತಿದ್ದ. ಗಾಳಿಯನ್ನು ಹೊರಗೆ ಎಳೆಯುವ ಗಾಜಿನ ಗೂಡೊಂದು ಬೇಕು ಎಂದು ಎರಡು ಮೂರು ಸಲ ಕೇಳಿದ್ದ. ಮಳೆಗಾಲ ಕಳೆಯಲಿ, ಮಾಡಿಸೋಣ ಎಂದು ಇವರು ಹೇಳಿದ್ದರು. ಬಿದ್ದ ದಿನ ಮಧ್ಯಾಹ್ನ ಚಹಾ ಕುಡಿದಿದ್ದ. ಸದ್ದು ಕೇಳಿ ಇವರು ಓಡಿಹೋದಾಗ ನೆಲದ ಮೇಲೆ ಇದ್ದ. ಎಚ್ಚರವಿತ್ತು. ಕಣ್ಣು ಇವರನ್ನೇ ನೋಡುತ್ತಿತ್ತು.

“ನಾನು ಹೆದರಿ ಅವನ ಹೆಸರು ಕೂಗಿದೆ. ಕೂಗಿದ ಹಾಗೆ ಅವನ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಆ ವಿಷ ಏರಿದವರ ಹತ್ತಿರ ಸದ್ದು ಮಾಡಬಾರದು, ಸುಮ್ಮನಿರಬೇಕು ಎಂದು ನನಗೆ ಗೊತ್ತಿತ್ತು. ಓದಿದ್ದೆ ನಾನು. ಆದರೂ ಕೂಗುತ್ತಲೇ ಇದ್ದೆ.”

ಪೊಲೀಸರು ಕೇಳಿದಾಗ, ಹುಡುಗ ಇತ್ತೀಚೆಗೆ ಮಂಕಾಗಿದ್ದ ಎಂದು ಅವರು ಹೇಳಿದ್ದರು. ಅದು ಸುಳ್ಳಲ್ಲ. ಅದರಿಂದ ಉಳಿದದ್ದನ್ನು ಜನರೇ ಕಟ್ಟಿಕೊಂಡರು. ಇವರೂ ನಿಧಾನವಾಗಿ ಅದನ್ನೇ ನಂಬಿದರು, ನಂಬುವುದು ಸುಲಭವಾಗಿತ್ತು.

ಇಷ್ಟು ಕಹಿಯಾದ ವಸ್ತುವನ್ನು ತಿಳಿಯದೆ ಯಾರಾದರೂ ಕುಡಿಯುತ್ತಾರೆಯೇ ಎನ್ನುವುದೇ ಅವರ ವಾದವಾಗಿತ್ತು. ಮೋಹಿನಿಗೆ ಆ ಬೆಳಿಗ್ಗೆಯ ಕಾಫಿ ನೆನಪಾಯಿತು. ಕಹಿ ಕಾಫಿಯದ್ದೋ ತನ್ನ ನಾಲಿಗೆಯದ್ದೋ ಎಂದು ತಿಳಿಯದೆ ಅವಳು ಅದನ್ನು ಪೂರ್ತಿ ಕುಡಿದಿದ್ದಳು. ಎಲ್ಲವೂ ಕಹಿಯಾಗಿರುವವನಿಗೆ ಒಂದು ಲೋಟ ಚಹಾ ಹೆಚ್ಚು ಕಹಿಯಾದರೆ ಹೇಗೆ ತಿಳಿಯಬೇಕು? ಅವಳು ಇದನ್ನು ಧರ್ಮಪಾಲರಿಗೆ ಹೇಳಿದಳು.

ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಅವನು ಹಾಕಿಕೊಳ್ಳುತ್ತಿದ್ದ ಬಿಳಿ ಕೋಟು ಎಲ್ಲಿ ಎಂದು ಕೇಳಿದಳು. ತಾಯಿಗೆ ಕಳುಹಿಸಿಕೊಟ್ಟೆ ಎಂದರು ಧರ್ಮಪಾಲರು. ಕನ್ನಡಕ, ಕೈಗಡಿಯಾರ, ಕೋಟು, ಎಲ್ಲವನ್ನೂ ತಾವೇ ಕಟ್ಟಿ ಕಳುಹಿಸಿದ್ದರು. ಒಗೆಸಿರಲಿಲ್ಲ.

ಮರುದಿನ ಬೆಳಿಗ್ಗೆ ಮೋಹಿನಿ ಕಾರ್ಕಳದ ಬಸ್ಸು ಹತ್ತಿದಳು. ಧರ್ಮಪಾಲರು ತಾವೂ ಬರುತ್ತೇನೆ ಎಂದಿದ್ದರು, ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಬ್ಯಾಪ್ಟಿಸ್ಟ್ ಹೇಳಿದ ಗುರುತಿನ ಮೇಲೆ, ಕಪ್ಪು ಬಂಡೆಯೊಂದರ ಬದಿಯಿಂದ ಹೋಗುವ ಕಾಲುದಾರಿಯಲ್ಲಿ ನಡೆದು ಮನೆ ಹುಡುಕಿದಳು. ಅಂಗಳದಲ್ಲಿ ಕೋಳಿಗಳಿದ್ದವು. ಮನೆಯ ಹಿಂದೆ ಗುಡ್ಡದ ಅಂಚಿನಲ್ಲಿ ದೊಡ್ಡದೊಂದು ಕಾಸರಕದ ಮರ.

ವಲೇರಿಯನ್ನನ ತಾಯಿ ಕಾನ್ಸೆಪ್ಟಾ ಎತ್ತರದ ಹೆಂಗಸು. ಕುತ್ತಿಗೆಯನ್ನು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಗೇಟಿನ ಚಿಲಕದ ಸದ್ದಿಗೆ ಅವರು ಬೆಚ್ಚಿದ ರೀತಿಯನ್ನು ನೋಡಿ ಮೋಹಿನಿ ಚಿಲಕವನ್ನು ಸದ್ದಾಗದ ಹಾಗೆ ಮೆಲ್ಲಗೆ ಬಿಟ್ಟಳು. ಆ ರೀತಿ ಅವಳಿಗೆ ಪರಿಚಿತವಾಗಿತ್ತು.

ವಲೇರಿಯನ್ ಮಾಡುತ್ತಿದ್ದ ಕೆಲಸವನ್ನು ಈಗ ತಾನು ಮಾಡುತ್ತಿದ್ದೇನೆ ಎಂದು ಹೇಳಿದಾಗ ಕಾನ್ಸೆಪ್ಟಾ ಅವಳನ್ನು ಒಳಗೆ ಕೂರಿಸಿದರು. ಜನ ಬಾರದ ಮನೆ ಎನ್ನುವುದು ಕಾಣುತ್ತಿತ್ತು. ಇನ್ನೊಂದು ಕುರ್ಚಿಯ ಮೇಲೆ ಧೂಳು ಕೂತಿತ್ತು. ದೇವರ ಪೀಠದ ಕೆಳಗೆ, ಮಡಚಿದ ಬಿಳಿ ಕೋಟು ಇತ್ತು. ಅದರ ಮೇಲೆ ಕನ್ನಡಕ.

ಮೋಹಿನಿ ಹೇಗೆ ಆರಂಭಿಸಬೇಕೆಂದು ಯೋಚಿಸುತ್ತಿರುವಾಗ ಕಾನ್ಸೆಪ್ಟಾ ತಾವೇ ಮಾತು ತೆಗೆದರು. ಎಷ್ಟೋ ದಿನಗಳಿಂದ ಯಾರಿಗಾದರೂ ಹೇಳಬೇಕೆಂದಿದ್ದ ಮಾತು ಇರಬೇಕು.

“ಅವನು ಹೋಗಲಿಲ್ಲ, ಬಾಯೆ. ಜನ ಎಂತ ಬೇಕಾದರೂ ಹೇಳಲಿ. ಸಂಜೆ ತೇರ್ಸ್ ಜಪ ಹೇಳಿ ಆದ ಮೇಲೆ ನಾನು ಅವನ ಕೋಟಿಗೆ ಮುತ್ತು ಕೊಡುತ್ತೇನೆ. ಆಗ ನನ್ನ ಬಾಯಿ ಕಹಿ ಆಗುತ್ತದೆ. ಅವನು ಕಹಿ ಕುಡಿದು ಸತ್ತವ ಅಲ್ವಾ, ತನ್ನ ಪಾಲನ್ನು ನನಗೂ ಸ್ವಲ್ಪ ಕೊಡುತ್ತಾನೆ. ದಿನಾ ಬರುತ್ತಾನೆ. ಒಂದು ದಿನವೂ ತಪ್ಪಲಿಲ್ಲ.”

ಮೋಹಿನಿಯ ಚೀಲದಲ್ಲಿ ಸೋಸುವ ಕಾಗದದ ತುಂಡುಗಳಿದ್ದವು. ಮರಳು ತುಂಬಿದ ಡಬ್ಬದೊಳಗೆ ಭದ್ರವಾಗಿ ಸಣ್ಣ ಆಮ್ಲದ ಬಾಟಲಿಯೂ ಇತ್ತು. ತಾಯಿಗೆ ತೋರಿಸಿ ನಂಬಿಸಬೇಕೆಂದು ತಂದಿದ್ದಳು. ಮಗನ ಕೋಟಿನಿಂದ ಆ ಕೆಂಪು ಏಳುವುದನ್ನು ಈ ಹೆಂಗಸು ನೋಡುವುದು ಬೇಡ ಎಂದು ಅವಳಿಗೆ ಅನಿಸಿತು. ಚೀಲವನ್ನು ತೆರೆಯಲಿಲ್ಲ.

ಅವಳು ಬೇರೆ ಪ್ರಶ್ನೆ ಕೇಳಿದಳು. ಕೊನೆಯ ತಿಂಗಳುಗಳಲ್ಲಿ ವಲೇರಿಯನ್ ಮನೆಯಲ್ಲಿ ಊಟ ಮಾಡುತ್ತಿದ್ದನೇ?

ಕಾನ್ಸೆಪ್ಟಾರ ಮುಖ ಬಿಗಿಯಾಯಿತು. ಶನಿವಾರ ಮನೆಗೆ ಬಂದರೆ ತಟ್ಟೆಯ ಮುಂದೆ ಕೂತು, ‘ಮಾಯ್, ಎಂತ ಹಾಕಿದ್ದೀ ಇದಕ್ಕೆ, ಕಹಿ’ ಎನ್ನುತ್ತಿದ್ದನಂತೆ. ಕೋಳಿಯ ಸಾರಿಗೂ ಹಾಗೆ, ಹಾಲಿಗೂ ಹಾಗೆ. ತಾಯಿಯ ಕೈಯ ಅಡುಗೆ ಮಗನಿಗೆ ಬೇಡವಾಯಿತು ಎಂದು ಅವರಿಗೆ ನೋವಾಗಿತ್ತು. ಕೊನೆಯ ಶನಿವಾರ ಜಗಳವೇ ಆಗಿತ್ತು.

“ಅಮ್ಮಾ, ಅವರಿಗೆ ನಿಜವಾಗಿಯೂ ಕಹಿ ಆಗುತ್ತಿತ್ತು” ಎಂದಳು ಮೋಹಿನಿ. “ನನಗೂ ಆಗುತ್ತಿದೆ. ನಿಮಗೂ ಆಗುತ್ತಿದೆ. ಮೂವರಿಗೂ ಒಂದೇ ಪುಡಿ.”

ಆಮೇಲೆ ಅವಳು ನಿಧಾನವಾಗಿ ಎಲ್ಲವನ್ನೂ ಹೇಳಿದಳು: ಫ್ಯಾನು, ಧೂಳು, ಲೋಟ. ದಿನ ದಿನವೂ ಕಣ್ಣಿಗೆ ಕಾಣದಷ್ಟು ಪುಡಿ ಬಾಯಿಗೆ ಹೋಗಿ ಅವನ ನಾಲಿಗೆ ಎಲ್ಲವನ್ನೂ ಕಹಿ ಎನ್ನುತ್ತಿತ್ತು, ಹಾಗಾಗಿ ಆ ದಿನ ಚಹಾದೊಳಗೆ ಬಿದ್ದದ್ದನ್ನು ಅವನು ಗುರುತಿಸಲಿಲ್ಲ. ಮಂಕಾದದ್ದೂ ಬೆಚ್ಚುತ್ತಿದ್ದದ್ದೂ ಆ ಪುಡಿಯಿಂದಲೇ. ನಿಮ್ಮ ಮಗ ಸಾಯಬೇಕೆಂದು ಕುಡಿದವನಲ್ಲ. ನಿಮ್ಮ ಕುತ್ತಿಗೆ ಸೆಟೆದಿರುವುದೂ ಇದರಿಂದಲೇ, ಆ ಕೋಟನ್ನು ಇನ್ನು ಬಾಯಿಗೆ ತಾಗಿಸಬಾರದು.

ಕೋಳಿಯೊಂದು ಹೊಸ್ತಿಲು ದಾಟಿ ಬಂದು ಮತ್ತೆ ಹೊರಗೆ ಹೋಯಿತು. ಕಾನ್ಸೆಪ್ಟಾ ಹಿತ್ತಿಲಿನ ಕಡೆಗೆ ಕೈ ತೋರಿಸಿದರು.

“ಆ ಮರದ ಬೀಜ ಹೆಕ್ಕಿ ಒಣಗಿಸಿ ಕೊಟ್ಟದ್ದು ನಾನೇ. ಪೇಟೆಯಿಂದ ಯಾಕೆ ತರುವುದು, ಮನೆಯಲ್ಲಿಯೇ ಉಂಟು ಎಂದು ಹೇಳಿ.”

ಬೀಜದಿಂದ ಅಲ್ಲ, ಗಾಳಿಗೆ ದಾರಿಯಿಲ್ಲದ ಕೋಣೆಯಿಂದ ಎಂದಳು ಮೋಹಿನಿ. ತನ್ನ ಸ್ವರವೇ ತನಗೆ ಟೊಳ್ಳಾಗಿ ಕೇಳಿಸಿತು.

ಕೋಟನ್ನು ಸುಡುವುದು ಬೇಡ ಎಂದರು ಕಾನ್ಸೆಪ್ಟಾ. ಸುಟ್ಟರೆ ಹೊಗೆಯೂ ಒಳ್ಳೆಯದಲ್ಲ ಎಂದು ಮೋಹಿನಿಗೂ ಗೊತ್ತಿತ್ತು. ಬರೀ ನೀರಿಗೆ ಬ್ರೂಸಿನ್ ಸರಿಯಾಗಿ ಕರಗುವುದಿಲ್ಲ. ಹುಳಿ ನೀರಿಗೆ ಕರಗುತ್ತದೆ. ಮನೆಯಲ್ಲಿ ವಿನೆಗರ್ ಉಂಟೇ ಎಂದು ಕೇಳಿದಳು. ಹಂದಿಮಾಂಸದ ಅಡುಗೆಗೆಂದು ಶೇಂದಿಯಿಂದ ಮಾಡಿಟ್ಟ ವಿನೆಗರ್ ದೊಡ್ಡ ಭರಣಿಯಲ್ಲಿತ್ತು. ಮಗ ಹೋದ ಮೇಲೆ ಆ ಅಡುಗೆ ಮಾಡಿರಲಿಲ್ಲವಾದ್ದರಿಂದ ಭರಣಿ ತುಂಬಿಯೇ ಇತ್ತು.

ಇಬ್ಬರೂ ಬಾವಿಯಿಂದ ದೂರ, ಗುಡ್ಡದ ಅಂಚಿನಲ್ಲಿ ಒಂದು ಹೊಂಡ ತೋಡಿದರು. ಕೋಳಿಗಳನ್ನು ಗೂಡಿಗೆ ಹಾಕಿದರು. ಮೋಹಿನಿ ಕೋಟನ್ನು ಕೊಡವದೆ, ಮಡಚಿದ ಹಾಗೆಯೇ ಎತ್ತಿ, ಮೊದಲು ನೀರಿನಿಂದ ನೆನೆಸಿ, ಆಮೇಲೆ ವಿನೆಗರ್ ಬೆರೆಸಿದ ನೀರಿಗೆ ಇಳಿಸಿದಳು. ಒಣ ಬಟ್ಟೆಯನ್ನು ಕೊಡವಿದರೆ ಪುಡಿ ಏಳುತ್ತದೆ, ಒದ್ದೆಯಾದರೆ ಏಳುವುದಿಲ್ಲ. ತಾನೇ ಒಗೆಯುತ್ತೇನೆ ಎಂದು ಅವಳು ಹೇಳಿದಾಗ, ಬೇಡ, ನಾನೇ ಎಂದು ಕಾನ್ಸೆಪ್ಟಾ ಕೈಚಾಚಿದರು. ಮೋಹಿನಿ ಸ್ವಲ್ಪ ಹಿಂಜರಿದು, ತನ್ನಲ್ಲಿದ್ದ ಇನ್ನೊಂದು ಜೊತೆ ಗ್ಲೌಸನ್ನು ಅವರ ಕೈಗೆ ತೊಡಿಸಿದಳು. ತಾಯಿ ಕೋಟಿನ ಕಾಲರನ್ನು, ತೋಳನ್ನು, ಜೇಬನ್ನು ಒಂದೊಂದಾಗಿ ಹಿಂಡಿದರು. ನೀರನ್ನು ಹೊಂಡಕ್ಕೆ ಸುರಿದು ಮತ್ತೆ ಹೊಸ ನೀರು. ಎಲ್ಲ ಮುಗಿದ ಮೇಲೆ ಹೊಂಡ ಮುಚ್ಚಿ ಮೇಲೆ ಕಲ್ಲು ಹೇರಿದರು.

ಕೋಟನ್ನು ಬಿಸಿಲಿಗೆ ಹಾಕಿ ಇಬ್ಬರೂ ಜಗಲಿಯಲ್ಲಿ ಕೂತರು. ಗಾಳಿ ಬಂದಾಗ ಅದರ ತೋಳುಗಳು ಸ್ವಲ್ಪ ಎದ್ದು ಇಳಿಯುತ್ತಿದ್ದವು. ಒಣಗಿದ ಮೇಲೆ ಮೋಹಿನಿ ಮನೆಯ ಹಿಂದೆ ಹೋಗಿ, ಕಾನ್ಸೆಪ್ಟಾರಿಗೆ ಕಾಣದ ಹಾಗೆ, ಕಾಗದದಿಂದ ಒರಸಿ ಪರೀಕ್ಷಿಸಿದಳು. ಬಣ್ಣ ಬರಲಿಲ್ಲ. ಕೋಟನ್ನು ತಂದು ಕೊಟ್ಟಳು. ಕಾನ್ಸೆಪ್ಟಾ ಅದನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಸ್ವಲ್ಪ ಕಾದು, ಮತ್ತೊಮ್ಮೆ ಒತ್ತಿಕೊಂಡರು.

“ಏನೂ ಇಲ್ಲ” ಎಂದರು.

ಮೋಹಿನಿ ಮರಳಿ ಬಂದು ಧರ್ಮಪಾಲರಿಗೆ ನಡೆದದ್ದನ್ನು ಹೇಳಿದಳು. ಅವರು ಆ ವಾರವೇ ಕೋಣೆಯ ಕೆಲಸ ನಿಲ್ಲಿಸಿದರು. ಫ್ಯಾನನ್ನು ಕಳಚಿದರು. ಗೋಡೆ, ಮೇಜು, ನೆಲವನ್ನು ಗುಡಿಸದೆ ಆಮ್ಲದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸುವ ಕೆಲಸದಲ್ಲಿ ಅವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಮಳೆಗಾಲ ಶುರುವಾಗುವ ಮೊದಲು ಗಾಜಿನ ಗೂಡು ಬಂತು. ಅದರ ಕೊಳವೆ ಮಾಡಿನ ಮೇಲಿನವರೆಗೂ ಹೋಯಿತು. ಆ ಕೋಣೆಯೊಳಗೆ ನೀರೂ ಕುಡಿಯಬಾರದು ಎಂದು ಬಾಗಿಲಿಗೆ ಬರೆದು ಹಾಕಿದರು. ಆದರೆ ಕಾರ್ಕಳಕ್ಕೆ ಯಾವಾಗ ಹೋಗುತ್ತೀರಿ ಎಂದು ಮೋಹಿನಿ ಕೇಳಿದಾಗಲೆಲ್ಲ ಅವರು ಮಾತು ಬದಲಿಸಿದರು.

ಕೊನೆಗೆ ಹೋದದ್ದು ಅಕ್ಟೋಬರಿನಲ್ಲಿ, ಒಂದು ಭಾನುವಾರ. ಅದನ್ನು ಮೋಹಿನಿಗೆ ಹೇಳಿದವನು ಬ್ಯಾಪ್ಟಿಸ್ಟ್. ಪೂಜೆ ಮುಗಿದು ಜನ ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಧರ್ಮಪಾಲರು ಪಾದ್ರಿಯವರ ಜೊತೆ ಮೆಟ್ಟಿಲ ಮೇಲೆ ಬಂದರು. ಅವರನ್ನು ಅಲ್ಲಿ ಎಲ್ಲರೂ ಬಲ್ಲರು. ಕನ್ನಡದಲ್ಲಿ, ಮೆಲ್ಲಗೆ, ನಿಂತು ನಿಂತು ಮಾತಾಡಿದರು. ವಲೇರಿಯನ್ ಜೀವ ಕಳೆದುಕೊಂಡದ್ದು ತನ್ನ ಕೋಣೆಯ ಗಾಳಿಯಿಂದ, ಅವನು ಕೇಳಿದ್ದನ್ನು ತಾನು ಮಾಡಿಸಿಕೊಡಲಿಲ್ಲ, ಅವನು ತಾನಾಗಿ ಏನೂ ಮಾಡಿಕೊಂಡವನಲ್ಲ, ಪೊಲೀಸರಿಗೂ ಇದನ್ನು ಬರೆದುಕೊಟ್ಟು ಬಂದಿದ್ದೇನೆ ಎಂದರು. ಕಾನ್ಸೆಪ್ಟಾ ಹೆಂಗಸರ ಗುಂಪಿನ ಹಿಂದೆ ಒಬ್ಬರೇ ನಿಂತಿದ್ದರು. ಮಾತು ಮುಗಿದ ಮೇಲೂ ಧರ್ಮಪಾಲರು ಮೆಟ್ಟಿಲಿಂದ ಇಳಿಯದೆ ನಿಂತೇ ಇದ್ದರಂತೆ. ಕೊನೆಗೆ ಪಾದ್ರಿಯವರು ಕೈಹಿಡಿದು ಒಳಗೆ ಕರೆದುಕೊಂಡು ಹೋದರಂತೆ.

ನವೆಂಬರ್ ಎರಡರಂದು ಸತ್ತವರ ದಿನ. ಬ್ಯಾಪ್ಟಿಸ್ಟ್ ಕರೆದನೆಂದು ಮೋಹಿನಿಯೂ ಹೋದಳು. ಸೂರ್ಯ ಇಳಿಯುವ ಹೊತ್ತು. ಸಿಮಿತ್ರಿಯ ತುಂಬ ಜನ, ಒಂದೊಂದು ಶಿಲುಬೆಯ ಬುಡದಲ್ಲೂ ಮೇಣದ ಬತ್ತಿಗಳು, ಸೇವಂತಿಗೆ ಹೂವು. ಪಾಗಾರದ ಬುಡದ ಮೂಲೆಯಲ್ಲಿ ಹಿಂದಿನ ವರ್ಷ ಒಂದೇ ಬತ್ತಿ ಇತ್ತಂತೆ. ಈ ವರ್ಷ ಬಂದವರೆಲ್ಲ ತಮ್ಮವರ ಗೋರಿಗೆ ಹಚ್ಚಿ ಉಳಿದ ಒಂದೊಂದು ಬತ್ತಿಯನ್ನು ಅಲ್ಲಿ ತಂದು ನೆಡುತ್ತಿದ್ದರು. ಮೇಣ ಕರಗಿ ಒಂದಕ್ಕೊಂದು ಅಂಟಿಕೊಂಡು ಮಣ್ಣೇ ಕಾಣುತ್ತಿರಲಿಲ್ಲ. ಬ್ಯಾಪ್ಟಿಸ್ಟ್ ತನ್ನ ಬತ್ತಿಯನ್ನು ನೆಟ್ಟು, ಬಹಳ ಹೊತ್ತು ಮೊಣಕಾಲೂರಿದ.

ಕಾನ್ಸೆಪ್ಟಾ ಕಪ್ಪು ಸೀರೆ ಉಟ್ಟಿದ್ದರು. ಜನ ಬಂದು ಕೈಹಿಡಿದು ಮಾತಾಡಿಸುತ್ತಿದ್ದರು. ಅವರ ಕುತ್ತಿಗೆ ಈಗ ಸರಿಯಾಗಿ ತಿರುಗುತ್ತಿತ್ತು. ಮೋಹಿನಿಯನ್ನು ಕಂಡು ಹತ್ತಿರ ಬಂದರು. ಮೊದಲು ಅವಳ ಆರೋಗ್ಯ ವಿಚಾರಿಸಿದರು, ಅವಳ ತಾಯಿಯನ್ನು ವಿಚಾರಿಸಿದರು. ಆಮೇಲೆ ಅವಳನ್ನು ಸ್ವಲ್ಪ ಬದಿಗೆ ಕರೆದುಕೊಂಡು ಹೋಗಿ ಹೇಳಿದರು:

“ನೀನು ಮಾಡಿದ್ದು ಒಳ್ಳೆಯದು. ನನ್ನ ಮಗನ ಹೆಸರು ಉಳಿಯಿತು. ಆದರೆ ಮೊದಲು ಅವನು ದಿನಾ ಸಂಜೆ ಬರುತ್ತಿದ್ದ. ನನ್ನ ಕೈಯಿಂದಲೇ ಒಗೆದು ಹೊಂಡಕ್ಕೆ ಸುರಿದೆ. ಈಗ ಮನೆಯಲ್ಲಿ ಯಾರೂ ಇಲ್ಲ.” ಅವಳ ಕೆನ್ನೆಯನ್ನು ಮುಟ್ಟಿದರು. “ನಿನ್ನನ್ನು ಕಂಡರೆ ಅದೇ ನೆನಪಾಗುತ್ತದೆ, ಬಾಯೆ. ಕೆಲವು ಕಾಲ ಬರಬೇಡ. ಬೇಜಾರು ಮಾಡಬೇಡ.”

ಮೋಹಿನಿ ತಲೆಯಾಡಿಸಿದಳು. ಕಾನ್ಸೆಪ್ಟಾ ಗೋರಿಯ ಕಡೆಗೆ ಹಿಂದಿರುಗಿ, ಗಾಳಿಗೆ ಆರಿದ ಒಂದೆರಡು ಬತ್ತಿಗಳನ್ನು ಪಕ್ಕದ ಬತ್ತಿಯಿಂದ ಮತ್ತೆ ಹಚ್ಚತೊಡಗಿದರು.

ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ, ಧರ್ಮಪಾಲರು ಚಪ್ಪಲಿ ಕಳಚಿ ನಿಂತಿದ್ದರು. ಒಳಗೆ ಬರುವುದೋ ಬೇಡವೋ ಎಂದು ತಿಳಿಯದೆ ಬಹಳ ಹೊತ್ತಿನಿಂದ ಅಲ್ಲಿಯೇ ಇದ್ದ ಹಾಗೆ ಕಾಣುತ್ತಿತ್ತು. ಅವರ ಕೈಯಲ್ಲಿ ಹಚ್ಚದ ಒಂದು ಮೇಣದ ಬತ್ತಿ ಇತ್ತು. ಮೋಹಿನಿ ಅವರ ಹತ್ತಿರ ಹೋಗಿ, ತಾಯಿ ಒಳಗೆ ಇದ್ದಾರೆ, ಹೋಗಿ ಎಂದಳು. ಅವರು ರಸ್ತೆ ದಾಟಿದರು. ಅವಳು ಉಡುಪಿಯ ಬಸ್ಸಿಗಾಗಿ ಪೇಟೆಯ ಕಡೆಗೆ ನಡೆದಳು.